ಮೂರ್ತಿ ಒಡೆದವರ ಮುಖ ಅಚ್ಚಿಗೆ ಬಂದ ಬಗೆ

ಮೊಟ್ಟೆಯಾಕಾರದ ಚೌಕಟ್ಟು. ಅದರೊಳಗಿಂದ ಗಡ್ಡದ ಮುದುಕನೊಬ್ಬ ಮುಂದಕ್ಕೆ ಬಾಗಿದ್ದಾನೆ. ಒಂದು ಕೈಯಲ್ಲಿ ಬೈಬಲ್. ಇನ್ನೊಂದು ಕೈ ಚೌಕಟ್ಟನ್ನೇ ದಾಟಿ ಹೊರಬಂದಿದೆ, ಅದರ ನೆರಳು ಚೌಕಟ್ಟಿನ ಮೇಲೆ ಬಿದ್ದಿದೆ. ಬಾಯಿ ತುಸು ತೆರೆದಿದೆ. ಏನೋ ಹೇಳುತ್ತಿದ್ದಾನೆ.

ಈತ ಆಮ್‌ಸ್ಟರ್‌ಡ್ಯಾಮಿನ ಪಾದ್ರಿ ಯಾನ್ ಕಾರ್ನೆಲಿಸ್ ಸಿಲ್ವಿಯಸ್. ಡಚ್ ಚಿತ್ರಕಾರ ರೆಂಬ್ರಾಂಟ್ ಈ ಅಚ್ಚಿನ ಚಿತ್ರ ಮಾಡಿದ್ದು 1646ರಲ್ಲಿ. ಅಷ್ಟರಲ್ಲಿ ಸಿಲ್ವಿಯಸ್ ತೀರಿಕೊಂಡು ಎಂಟು ವರ್ಷ ಆಗಿತ್ತು. ರೆಂಬ್ರಾಂಟ್‌ಗೆ ಆತ ಮನೆಯವನೇ. ಹೆಂಡತಿ ಸಾಸ್ಕಿಯಾಳ ಚಿಕ್ಕಪ್ಪ-ದೊಡ್ಡಪ್ಪಂದಿರ ಕಡೆಯ ಅಕ್ಕನ ಗಂಡ. ಮದುವೆಯ ಹೊತ್ತಿಗೆ ಸಾಸ್ಕಿಯಾಳ ಪರವಾಗಿ ನಿಂತಿದ್ದು ಅವನೇ, 1635ರಲ್ಲಿ ಮೊದಲ ಮಗುವಿನ ದೀಕ್ಷಾಸ್ನಾನದಲ್ಲೂ ಅವನಿದ್ದ.

ಇಲ್ಲೊಂದು ವಿಚಿತ್ರ ಇದೆ. ಸಿಲ್ವಿಯಸ್ ಸೇರಿದ್ದ ಪ್ರೊಟೆಸ್ಟೆಂಟ್ ಪಂಗಡಕ್ಕೆ ಚರ್ಚಿನೊಳಗೆ ಚಿತ್ರವೇ ಬೇಡವಾಗಿತ್ತು. 1566ರಲ್ಲಿ ನೆದರ್‌ಲ್ಯಾಂಡ್ಸ್‌ನ ಊರೂರಲ್ಲಿ ಜನ ಚರ್ಚಿಗೆ ನುಗ್ಗಿ ಸಂತರ ಮೂರ್ತಿಗಳನ್ನು ಪುಡಿ ಮಾಡಿದ್ದರು. ಅಂಥವರ ಪಾದ್ರಿಯ ಮುಖ ಅಚ್ಚಾಗಿ ಮನೆಮನೆಗೆ ಹೋಗಬಹುದಾ?

ಈ ಇಕ್ಕಟ್ಟು ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಕಾಲದಿಂದಲೂ ಇದ್ದದ್ದೇ. 1520ರಲ್ಲಿ ಚಿತ್ರಕಾರ ಲ್ಯೂಕಾಸ್ ಕ್ರಾನಾಕ್ ಅವನ ಮುಖವನ್ನು ತಾಮ್ರದಲ್ಲಿ ಕೊರೆದ. ಕೆಳಗಿನ ಲ್ಯಾಟಿನ್ ಸಾಲುಗಳ ಸಾರ ಇಷ್ಟು: ಮನಸ್ಸಿನ ಶಾಶ್ವತ ರೂಪವನ್ನು ಲೂಥರನೇ ತೋರಿಸುತ್ತಾನೆ, ಲ್ಯೂಕಾಸ್ ತೋರಿಸೋದು ಅಳಿದುಹೋಗುವ ಮುಖವನ್ನು. ಒಂಥರಾ ಮುಂಗಡ ಕ್ಷಮಾಪಣೆ, ಅಲ್ವಾ? ಅದೂ ಸಾಲಲಿಲ್ಲ. ಮರುವರ್ಷ ಹಾನ್ಸ್ ಬಾಲ್ಡುಂಗ್ ಲೂಥರನ ತಲೆಯ ಹಿಂದೆ ಪ್ರಭಾವಳಿಯನ್ನೇ ಇಟ್ಟ. ಜನ ಇಂಥ ಚಿತ್ರಗಳನ್ನು ಕೊಂಡು ಮುತ್ತಿಡುತ್ತಿದ್ದಾರೆ ಎಂದು ಪೋಪನ ದೂತ ಅಲೆಯಾಂಡರ್ ರೋಮಿಗೆ ಬರೆದ.

ಹೀಗಾಗಿ ಪಾದ್ರಿಗಳ ಚಿತ್ರದ ಅಡಿ ಪದ್ಯ ಹಾಕೋದು ವಾಡಿಕೆಯಾಯಿತು. ಇದು ಪೂಜೆಗಲ್ಲ, ನೆನಪಿಗೆ ಅಂತ. 1641ರಲ್ಲಿ ರೆಂಬ್ರಾಂಟ್ ಪ್ರೊಟೆಸ್ಟೆಂಟರಲ್ಲೇ ಇನ್ನೊಂದು ಪಂಗಡವಾದ ಮೆನ್ನೊನೈಟರ ಬೋಧಕ ಆನ್ಸ್ಲೋನ ಚಿತ್ರ ಮಾಡಿದ. ಅದಕ್ಕೆ ಕವಿ ವೊಂಡೆಲ್ ನಾಲ್ಕು ಸಾಲು ಬರೆದು ಸವಾಲೇ ಹಾಕಿದ: ರೆಂಬ್ರಾಂಟ್, ಅವನ ದನಿಯನ್ನು ಬರಿ, ಕಣ್ಣಿಗೆ ಕಾಣೋದು ಅವನ ಅತಿ ಸಣ್ಣ ಭಾಗ, ಆನ್ಸ್ಲೋನನ್ನು ನೋಡಬೇಕೆಂದರೆ ಕೇಳಬೇಕು.

ಚೌಕಟ್ಟಿನಾಚೆ ಬಾಗಿದ ಸಿಲ್ವಿಯಸ್ ಅದಕ್ಕೆ ಉತ್ತರ ಎಂದೇ ನನಗನ್ನಿಸುತ್ತದೆ. ಕೆಳಗೆ ವಿದ್ವಾಂಸ ಬಾರ್ಲೇಯಸ್ ಬರೆದ ಲ್ಯಾಟಿನ್ ಪದ್ಯ ಇದೆ ನಿಜ. ಆದರೆ ಕಣ್ಣು ಹೋಗೋದು ಆ ಕೈಗೆ.

ಇದನ್ನು ಮಾಡಿದ ರೀತಿಯೂ ಗಮನಿಸಬೇಕಾದ್ದೇ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಸಿಡ್‌ಗೆ ಹಾಕುತ್ತಾರೆ. ಗೀಚಿದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ರೋಲರ್ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಇದರ ಜೊತೆಗೆ ರೆಂಬ್ರಾಂಟ್ ನೇರವಾಗಿ ತಗಡಿನ ಮೇಲೂ ಸೂಜಿ ಎಳೆದಿದ್ದಾನೆ. ಆಗ ಗೀರಿನ ಅಂಚಿನಲ್ಲಿ ತಾಮ್ರ ಏಳುತ್ತದೆ. ಅದು ಮಸಿ ಹಿಡಿದು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಆದರೆ ಸ್ವಲ್ಪವೇ ಪ್ರತಿಗಳಲ್ಲಿ ಸವೆದುಹೋಗುತ್ತದೆ. ಅದಕ್ಕೇ ಮೊದಮೊದಲ ಪ್ರತಿಗಳಿಗೆ ಬೆಲೆ ಜಾಸ್ತಿ.

ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಈ ಮುಜುಗರ ಇರಲಿಲ್ಲ. ಅಲ್ಲಿ ರೊಬೆರ್ ನಾಂತೊಯ್ ಕಾರ್ಡಿನಲ್ ಮಜಾರಿನ್‌ನಂಥವರ ಮುಖಗಳನ್ನು ಉಳಿಯಿಂದ ಒಪ್ಪವಾಗಿ ಕೊರೆಯುತ್ತಿದ್ದ. ಕೊರೆಯುವವರು ಬರೀ ಕೈಕಸುಬಿನವರಲ್ಲ, ಕಲಾವಿದರು ಎಂದು 1660ರಲ್ಲಿ ರಾಜ 14ನೇ ಲೂಯಿ ಆಜ್ಞೆಯನ್ನೇ ಹೊರಡಿಸಿದ.

ಮುಂದಿನ ತಿರುವು ಇಂಗ್ಲೆಂಡಿನದು. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬಾತ, ಅವನೂ ಪಾದ್ರಿಯೇ, ಇಂಗ್ಲೆಂಡಿನ ಹೆಸರಾಂತರ ಅಚ್ಚಾದ ಮುಖಚಿತ್ರಗಳ ಪಟ್ಟಿಯನ್ನು ಪ್ರಕಟಿಸಿದ. ಅದರಲ್ಲಿ ಪಾದ್ರಿಗಳಿಗೇ ಒಂದು ವರ್ಗ. ಸಂಗ್ರಹಕಾರರಿಗೆ ಹುಚ್ಚು ಹತ್ತಿತು. ಹಳೆ ಪುಸ್ತಕಗಳಿಂದ ಮುಖಪುಟದ ಎದುರಿನ ಚಿತ್ರ ಹರಿದುಕೊಂಡು ಆಲ್ಬಮ್ಮಿಗೆ ಅಂಟಿಸಿದರು. ಕಾಣುವ ಮುಖಕ್ಕಿಂತ ಮಾತೇ ದೊಡ್ಡದು ಅಂದವರ ಉಪದೇಶದ ಪುಸ್ತಕಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಚಿತ್ರ ಕಳೆದುಕೊಂಡ ಅಂಥ ಪ್ರತಿಗಳು ಹಳೆ ಲೈಬ್ರರಿಗಳಲ್ಲಿ ಇವತ್ತಿಗೂ ಸಿಗುತ್ತವೆ.