ಬೀದರ್ ಜಿಲ್ಲೆಯ ಅಂತರ್ಜಲ: ಸಾರ್ವಜನಿಕ ಹಣ ಯಾವ ಕಡೆಗೆ ಹರಿಯಬೇಕು?

ಅಂತರ್ಜಲದ ಅರ್ಥಶಾಸ್ತ್ರವನ್ನು ಓದುವಾಗ ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ನೀರನ್ನು ಮೇಲೆತ್ತುವ ಕೆಲಸಕ್ಕೆ ಹಣ ಹೂಡುವವರು ಎಲ್ಲೆಡೆ ಸಿಗುತ್ತಾರೆ, ಏಕೆಂದರೆ ಕೊಳವೆಬಾವಿ ಕೊರೆಸಿದವನಿಗೆ ಅದರ ಫಲ ನೇರವಾಗಿ ದೊರೆಯುತ್ತದೆ. ನೀರನ್ನು ನೆಲಕ್ಕೆ ಇಂಗಿಸುವ ಕೆಲಸಕ್ಕೆ ಹಾಗೆ ಯಾರೂ ಮುಂದೆ ಬರುವುದಿಲ್ಲ. ಒಬ್ಬನ ಹೊಲದಲ್ಲಿ ಇಂಗಿದ ನೀರು ಇನ್ನೊಬ್ಬನ ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇಂಗಿಸುವ, ಕಾಯುವ, ಅಳೆಯುವ ಕೆಲಸಕ್ಕೆ ಸಾರ್ವಜನಿಕ ಹಣವೇ ಬೇಕು ಎಂಬ ನಮ್ಮ ವಾದಕ್ಕೆ ಇದೇ ಆಧಾರ. ಈ ಟಿಪ್ಪಣಿಯಲ್ಲಿ ಅದನ್ನು ಬೀದರಿನ ನೆಲದ ಮೇಲಿಟ್ಟು ನೋಡೋಣ.

ಬೀದರ್ ನಗರ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ನಿಂತಿದೆ. ರಂಧ್ರಗಳಿಂದ ತುಂಬಿದ ಈ ಕೆಂಪು ಕಲ್ಲಿನೊಳಗೆ ಮಳೆನೀರು ಬೇಗ ಇಳಿಯುತ್ತದೆ. ಅದರ ಕೆಳಗಿರುವ ಜೇಡಿಯ ಪದರ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇನ್ನೂ ಕೆಳಗೆ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯಿದೆ. ಇಳಿದ ನೀರು ಜೇಡಿಯ ಮೇಲೆ ತಡೆದು ನಿಂತು, ಅಡ್ಡಲಾಗಿ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಈ ಊರಿನವರಿಗೆಲ್ಲ ಪರಿಚಿತವಾದ ಯಾತ್ರಾಸ್ಥಳಗಳು. ಭೂವಿಜ್ಞಾನದ ವಿದ್ಯಾರ್ಥಿಗಳು ಅವುಗಳನ್ನು ಈ ರಚನೆಯ ಸಾಕ್ಷಿಗಳಾಗಿಯೂ ಓದಿಕೊಳ್ಳಬೇಕು.

15ನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ, ಪರ್ಷಿಯಾದ ಮಾದರಿಯ ಕರೇಜ್ ಇಲ್ಲಿ ಬಳಕೆಗೆ ಬಂತು. ಜನರು ಇದನ್ನು ಸುರಂಗ ಬಾವಿ ಎನ್ನುತ್ತಾರೆ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ನೆಲದಡಿ ಸಣ್ಣ ಇಳಿಜಾರಿನಲ್ಲಿ ಕೊರೆದ ಸುರಂಗಕ್ಕೆ ಕಲ್ಲಿನಿಂದ ಬಸಿದ ನೀರು ಸೇರಿ, ಯಾವ ಯಂತ್ರದ ನೆರವೂ ಇಲ್ಲದೆ ಹರಿಯುತ್ತದೆ. ಮೇಲಿನಿಂದ ಅಲ್ಲಲ್ಲಿ ಇಳಿಸಿದ ಬಾವಿಯಂಥ ಕಂಡಿಗಳು ಗಾಳಿಗೆ, ಹೂಳು ತೆಗೆಯುವುದಕ್ಕೆ ಮತ್ತು ನೀರು ಸೇದುವುದಕ್ಕೆ ಒದಗುತ್ತವೆ. ಈ ವ್ಯವಸ್ಥೆಯಲ್ಲಿ ಅತ್ಯಂತ ಮುಖ್ಯವೆಂದು ನನಗೆ ತೋರುವುದು ಅದರೊಳಗೇ ಇರುವ ಮಿತಿ: ಅಂತರ್ಜಲದ ಮಟ್ಟ ಸುರಂಗಕ್ಕಿಂತ ಕೆಳಗಿಳಿದರೆ ಹರಿವು ನಿಲ್ಲುತ್ತದೆ, ಅದಕ್ಕಿಂತ ಆಳದ ನೀರನ್ನು ಕರೇಜ್ ಮುಟ್ಟುವುದೇ ಇಲ್ಲ. ನೂರಾರು ಅಡಿ ಇಳಿಯುವ ಕೊಳವೆಬಾವಿಗೆ ಅಂಥ ಮಿತಿಯಿಲ್ಲ. ಜೊತೆಗೆ, ಇಷ್ಟು ಉದ್ದದ ಸುರಂಗವನ್ನು ಒಂದು ಮನೆತನ ತೋಡಿಸಲು, ಕಾಪಾಡಲು ಸಾಧ್ಯವಿರಲಿಲ್ಲ. ಅದು ರಾಜ್ಯದ ಬೊಕ್ಕಸದ ಕೆಲಸವಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಭಾಗದ ಗಟ್ಟಿ ಶಿಲೆಗಳಲ್ಲಿ ಬಳಕೆಗೆ ಸಿಗುವ ನೀರು ಶಿಲೆಯ ಗಾತ್ರದ ಶೇಕಡಾ 2ರ ಆಸುಪಾಸಿನಲ್ಲಿರುತ್ತದೆ. ಒಂದು ಹೆಕ್ಟೇರ್ ನೆಲದಡಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ 10,000 ಘನ ಮೀಟರ್ ಶಿಲೆ ಬರಿದಾಗುತ್ತದೆ. ಅದರಿಂದ ದೊರೆಯುವುದು ಸುಮಾರು 200 ಘನ ಮೀಟರ್, ಅಂದರೆ 2 ಲಕ್ಷ ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಒದಗಬೇಕು. ಈ ಲೆಕ್ಕದಲ್ಲಿ ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಬೇಕು. ಒಂದು ಮೀಟರ್ ಇಳಿತವೆಂದರೆ ಎರಡು ಕುಟುಂಬಗಳ ಒಂದು ವರ್ಷದ ನೀರು.

ಇದರ ಪಕ್ಕದಲ್ಲಿ ಒಂದು ಹೆಕ್ಟೇರ್ ಕಬ್ಬನ್ನು ಇಡಿ. ಮಳೆಯ ಪಾಲನ್ನು ಬಿಟ್ಟು 1,000 ಮಿಲಿಮೀಟರಿನಷ್ಟು ನೀರನ್ನು ಕೊಳವೆಬಾವಿಯಿಂದ ಕೊಟ್ಟರೆ ಅದು ಒಂದು ಕೋಟಿ ಲೀಟರ್ ಆಗುತ್ತದೆ. 800 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಶೇಕಡಾ 7ರಷ್ಟು ಇಂಗಿತೆಂದು ಹಿಡಿದರೆ, ಒಂದು ಹೆಕ್ಟೇರಿನಿಂದ ಜಲಧರಕ್ಕೆ, ಅಂದರೆ ನೀರನ್ನು ಹಿಡಿದಿಡುವ ನೆಲದಡಿಯ ಪದರಕ್ಕೆ, ಸೇರುವುದು 5.6 ಲಕ್ಷ ಲೀಟರ್ ಮಾತ್ರ. ಹೀಗಾಗಿ ಒಂದು ಹೆಕ್ಟೇರ್ ಕಬ್ಬು ಸುಮಾರು 18 ಹೆಕ್ಟೇರ್ ನೆಲದ ಇಂಗುನೀರನ್ನು ಕುಡಿಯುತ್ತದೆ, ಮತ್ತು ಆ ಹದಿನೆಂಟರಲ್ಲಿ ಹೆಚ್ಚಿನವು ಮಳೆಯನ್ನೇ ನಂಬಿ ತೊಗರಿ, ಹೆಸರು, ಉದ್ದು ಬಿತ್ತುವ ನೆರೆಹೊರೆಯವರ ಹೊಲಗಳು. ಬೆಳೆಗಾರನ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಖಚಿತವಾಗಿ ಕೊಳ್ಳುವವರಿರುವ ಬೆಳೆಯನ್ನು ಅವನು ಆರಿಸಿಕೊಳ್ಳುವುದು ಸಹಜ. ಆದರೆ ಬಾವಿ ಬತ್ತಿದ ಸಣ್ಣ ರೈತ ಮತ್ತೆ ಸಾಲ ಮಾಡಿ ಇನ್ನಷ್ಟು ಆಳಕ್ಕೆ ಕೊರೆಸುವಾಗ, ಈ ವ್ಯವಸ್ಥೆಯ ನಿಜವಾದ ವೆಚ್ಚ ಅವನ ಹೆಗಲಿಗೆ ಬೀಳುತ್ತದೆ.

ಕಾನೂನು ಈ ಹಂಚಿಕೆಯನ್ನು ಇನ್ನೂ ಪೂರ್ತಿಯಾಗಿ ಕಂಡಿಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ ತನ್ನ ಜಮೀನಿನಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಜಮೀನಿನ ಒಡೆಯನದು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಿಸಲು ಅನುಮತಿ ಪಡೆಯುವ ನಿಯಮವನ್ನು ತಂದಿತು. ಇತ್ತ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿದೆ. ಅಂದರೆ ಸರ್ಕಾರ ಅಂತರ್ಜಲಕ್ಕಾಗಿ ವೆಚ್ಚ ಮಾಡುತ್ತಲೇ ಇದೆ, ಆದರೆ ಆ ಹಣ ನೀರನ್ನು ಹೊರಗೆಳೆಯುವ ಕಡೆಗೇ ಹೋಗುತ್ತಿದೆ. ಈ ನೆರವನ್ನು ಒಮ್ಮೆಲೇ ಕಿತ್ತುಕೊಂಡರೆ ರೈತ ಉಳಿಯುವುದಿಲ್ಲ. ನಾವು ಕೇಳಬೇಕಾದದ್ದು ಇಂಗಿಸುವ ಕಡೆಗೂ ಅಷ್ಟೇ ನಿಶ್ಚಿತವಾಗಿ, ವರ್ಷ ವರ್ಷವೂ ಹರಿಯುವ ಹಣವನ್ನು.

ಆ ಹಣ ಏನೇನು ಮಾಡಬೇಕು? ಕೆರೆಗಳ ಹೂಳೆತ್ತುವುದು, ನಾಲಾಗಳಿಗೆ ಒಡ್ಡು ಕಟ್ಟುವುದು ಎಲ್ಲರಿಗೂ ತಿಳಿದ ಕೆಲಸಗಳು. ಬೀದರಿನಲ್ಲಿ ಇವುಗಳಿಗಿಂತ ಮೊದಲು ಆಗಬೇಕಾದದ್ದು ಪ್ರಸ್ಥಭೂಮಿಯ ಮೇಲ್ಭಾಗದ ರಕ್ಷಣೆ. ಕಲ್ಲುಗಣಿ, ಬಡಾವಣೆ ಮತ್ತು ಕಾಂಕ್ರೀಟು ನೀರು ಇಂಗುವ ಬಾಯನ್ನೇ ಮುಚ್ಚಿದರೆ ಕೆಳಗಿನ ಒಡ್ಡುಗಳಿಂದ ಹೆಚ್ಚು ಪ್ರಯೋಜನವಾಗದು. ಒಳಚರಂಡಿಯನ್ನೂ ನೀರಿನ ಯೋಜನೆಯೆಂದೇ ಎಣಿಸಬೇಕು. ಮಳೆಯನ್ನು ಬೇಗ ಒಳಗೆ ಬಿಟ್ಟುಕೊಳ್ಳುವ ಈ ಕೆಂಪು ಕಲ್ಲು ಶೌಚಗುಂಡಿಯ ಕೊಳಕನ್ನೂ ಅಷ್ಟೇ ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ಆ ಮಲಿನ ನೀರು ತೆರೆದ ಬಾವಿಗೂ ಝರಿಗೂ ತಲುಪುತ್ತದೆ. ಕರೇಜಿನ ಕಂಡಿಗಳ ಸುತ್ತಲಿನ ಜಾಗವನ್ನು ಗುರುತಿಸಿ ಕಟ್ಟಡ ಮತ್ತು ಕಸದಿಂದ ಉಳಿಸಿಕೊಳ್ಳುವುದಕ್ಕೆ ದೊಡ್ಡ ಮೊತ್ತವೂ ಬೇಕಾಗಿಲ್ಲ.

ದೂರದ ಜಲಾಶಯದಿಂದ ಪೈಪಿನಲ್ಲಿ ನೀರು ತಂದರೆ ಸಾಲದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕಾರಂಜಾದಂಥ ಜಲಾಶಯಗಳು ಬೇಕೇ ಬೇಕು, ಆದರೆ ಅವೂ ಮಳೆಯ ಮೇಲೆಯೇ ನಿಂತಿವೆ. ನಮ್ಮ ನೆರೆಯ ಲಾತೂರು ಮಾಂಜ್ರಾ ನದಿಯ ಅಣೆಕಟ್ಟನ್ನು ನಂಬಿತ್ತು. 2016ರ ಏಪ್ರಿಲಿನಲ್ಲಿ ಅಲ್ಲಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಅದೇ ನದಿ ಮುಂದೆ ಬೀದರ್ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಬರಗಾಲದಲ್ಲಿ ಜಲಾಶಯ ಒಣಗಿದಾಗ ಉಳಿಯುವ ದಾಸ್ತಾನು ನೆಲದಡಿಯದು ಮಾತ್ರ.

ಹಣದ ಮೂಲಗಳನ್ನು ಓದುವಾಗ ಎರಡನ್ನು ನೆನಪಿಡಿ. 15ನೆಯ ಹಣಕಾಸು ಆಯೋಗ ಗ್ರಾಮ ಪಂಚಾಯತಿಗಳಿಗೆ ನೀಡಿದ ಅನುದಾನದಲ್ಲಿ ಶೇಕಡಾ 60 ಭಾಗವನ್ನು ನೈರ್ಮಲ್ಯಕ್ಕೂ, ಮಳೆನೀರು ಸಂಗ್ರಹವೂ ಸೇರಿದಂತೆ ಕುಡಿಯುವ ನೀರಿಗೂ ಮೀಸಲಿರಿಸಿತು. ಸಂವಿಧಾನದ 371 ಜೆ ವಿಧಿಯಡಿ ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆ ಓದುವಾಗ, ನೀರಿನ ಬಾಬ್ತಿನಲ್ಲಿ ಹೊಸ ಕೊಳವೆಬಾವಿಗೆ ಎಷ್ಟು, ಇಂಗಿಸುವ ಕೆಲಸಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಬಹುದು. ಊರಿನ ಒಂದು ತೆರೆದ ಬಾವಿಯಲ್ಲಿ ಮಳೆಗಾಲಕ್ಕೆ ಮೊದಲು ಮತ್ತು ನಂತರ ನೀರಿನ ಮಟ್ಟವನ್ನು ಅಳೆದು ಪಂಚಾಯತಿಯ ಗೋಡೆಯ ಮೇಲೆ ಬರೆಸಿದರೆ, ಆ ಪ್ರಶ್ನೆಯನ್ನು ಮುಂದಿನ ವರ್ಷ ಅಂಕಿಗಳೊಂದಿಗೆ ಕೇಳಲು ಸಾಧ್ಯವಾಗುತ್ತದೆ.