ಆತ್ಮರಕ್ಷಣೆ ಎಲ್ಲಿಗೆ ಮುಗಿಯುತ್ತೆ?

ಚಾಕು ಹಿಡಿದು ಮೈಮೇಲೆ ಬಂದವನನ್ನ ತಡೆಯೋಕೆ ಹೋಗಿ ಅವನ ಪ್ರಾಣವೇ ಹೋದ್ರೆ ಅದು ಕೊಲೆನಾ? ಹೆಚ್ಚುಕಮ್ಮಿ ಎಲ್ಲ ದೇಶದ ಕಾನೂನೂ ಅಲ್ಲ ಅನ್ನುತ್ತೆ, ಆದ್ರೆ ಷರತ್ತು ಹಾಕುತ್ತೆ. ಅಪಾಯ ಈಗಲೇ ಕಣ್ಣೆದುರಿಗೆ ಇರಬೇಕು, ನಿನ್ನೆ ಹೊಡೆದಿದ್ದ ಅಂತ ಇವತ್ತು ಹೊಡೆದ್ರೆ ಅದು ಸೇಡು. ಕಪಾಳಕ್ಕೆ ಹೊಡೆಯೋಕೆ ಬಂದವನಿಗೆ ಗುಂಡು ಹಾರಿಸೋ ಹಾಗಿಲ್ಲ, ಸಾಯ್ತೀನಿ ಅಥವಾ ಭಾರಿ ಪೆಟ್ಟಾಗುತ್ತೆ ಅನ್ನೋ ಭಯಕ್ಕೆ ಸರಿಯಾದ ಕಾರಣ ಇರಬೇಕು. ಓಡಿ ತಪ್ಪಿಸ್ಕೊಳ್ಳೋಕೆ ಆಗ್ತಿದ್ರೆ ಓಡಲೇಬೇಕಾ ಅನ್ನೋದ್ರಲ್ಲಿ ಒಂದೊಂದು ಕಡೆ ಒಂದೊಂದು ರೂಲ್ಸು.

ಶುರು ಮಾಡೋದಕ್ಕಿಂತ ನಿಲ್ಲಿಸೋದೇ ಇಲ್ಲಿ ಕಷ್ಟದ ವಿಷ್ಯ ಅಂತ ನನಗನ್ಸುತ್ತೆ. 1921ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಇಂಥದ್ದೇ ಕೇಸು ಬಂತು. ಹಿಂದೆಯೂ ಹಲ್ಲೆ ಮಾಡಿದ್ದವನು ಚಾಕು ಹಿಡಿದು ಬಂದ, ಆರೋಪಿ ಹಿಂದಕ್ಕೆ ಸರಿದು ಕೋಟಲ್ಲಿದ್ದ ಪಿಸ್ತೂಲು ತಗೊಂಡು 4 ಗುಂಡು ಹಾರಿಸಿದ, ಕೊನೇದು ಹಾರಿಸೋ ಹೊತ್ತಿಗೆ ಎದುರಾಳಿ ನೆಲಕ್ಕೆ ಬಿದ್ದಿದ್ದ ಅನ್ನೋದಕ್ಕೆ ಸಾಕ್ಷಿ ಇತ್ತು. ಎತ್ತಿದ ಚಾಕುವಿನ ಎದುರು ನಿಂತವನು ತಣ್ಣಗೆ ಯೋಚ್ನೆ ಮಾಡಬೇಕು ಅಂತ ನಿರೀಕ್ಷಿಸೋಕಾಗಲ್ಲ ಅಂತ ಜಸ್ಟಿಸ್ ಆಲಿವರ್ ವೆಂಡೆಲ್ ಹೋಮ್ಸ್ ಬರೆದ್ರು, ಶಿಕ್ಷೆ ರದ್ದಾಯ್ತು. ಜಗಳದ ಕಾವಲ್ಲಿ ಹಿಂದಿನ ಗುಂಡುಗಳ ಬೆನ್ನಿಗೇ ಹೋಗಿದ್ರೆ, ಆ ಕೊನೇ ಗುಂಡು ಆಮೇಲೆ ನೋಡಿದಾಗ ಬೇಡವಾಗಿತ್ತು ಅನ್ಸಿದ್ರೂ ರಕ್ಷಣೆಯ ಹಕ್ಕು ಹೋಗಲೇಬೇಕು ಅಂತಿಲ್ಲ ಅಂದ್ರು.

ಹೀಗೆ ನಿಲ್ಲಿಸೋಕೆ ಎಷ್ಟು ಹೊತ್ತು ಬೇಕು ಅನ್ನೋದನ್ನ ಲ್ಯಾಬಲ್ಲಿ ಬೇರೆ ರೀತಿ ಅಳೀತಾರೆ. ಸ್ಕ್ರೀನ್ ಮೇಲೆ ಗುರುತು ಬಂದ ತಕ್ಷಣ ಬಟನ್ ಒತ್ತಬೇಕು, ಆದ್ರೆ ಮಧ್ಯೆ ಬೀಪ್ ಕೇಳಿಸಿದ್ರೆ ಒತ್ತಬಾರದು, ಅಷ್ಟೇ. 1984ರಲ್ಲಿ ಸಂಶೋಧಕರಾದ ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ ಇದಕ್ಕೊಂದು ಲೆಕ್ಕಾಚಾರ ಕೊಟ್ರು: "ಹೊಡಿ" ಅನ್ನೋ ಆದೇಶಕ್ಕೂ "ಬೇಡ" ಅನ್ನೋ ಆದೇಶಕ್ಕೂ ಮೆದುಳಲ್ಲಿ ಓಟದ ಪಂದ್ಯ, ಮೊದ್ಲು ಮುಟ್ಟಿದ್ದು ಗೆಲ್ಲುತ್ತೆ. ಆರೋಗ್ಯವಂತ ಯುವಕರಲ್ಲಿ ತಡೆಯೋಕೇ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು, ಅದೂ ಭಯ ಗಿಯ ಏನಿಲ್ದೆ ಕುರ್ಚಿ ಮೇಲೆ ಕೂತಾಗ. ಹಾಗಾಗಿ ಕೈಯಿಂದ ಆಗಲೇ ಹೊರಟಿರೋ ಎರಡನೇ ಏಟಿಗೆ ಕೋರ್ಟು ಕ್ಷಮೆ ಕೊಡಬೇಕು. ಆದ್ರೆ ಎದುರಾಳಿ ಚಾಕು ಬಿಸಾಕಿ ಓಡ್ತಾ ಇದ್ದಾನೆ, ಇವನು ಅಟ್ಟಿಸ್ಕೊಂಡು ಹೋಗಿ ಬೆನ್ನಿಗೆ ಹೊಡೆದ ಅಂದ್ರೆ ಆ ಕಾಲು ಸೆಕೆಂಡಿನ ನೆಪ ನಡೆಯಲ್ಲ, ಅಷ್ಟು ದೂರ ಓಡೋದ್ರಲ್ಲಿ ನಿಲ್ಲೋಕೆ ಎಷ್ಟೋ ಅವಕಾಶ ಸಿಕ್ಕಿರುತ್ತೆ.

ಇನ್ನೊಂದು ತೊಡಕು ನೆನಪಿಂದು. ಎಲ್ಲಾ ಸ್ಲೋ ಮೋಷನಲ್ಲಿ ನಡೀತು ಅಂತ ಬದುಕಿ ಬಂದವರು ಹೇಳ್ತಾರಲ್ಲ, ನರವಿಜ್ಞಾನಿ ಡೇವಿಡ್ ಈಗಲ್‌ಮನ್ ತಂಡ 2007ರಲ್ಲಿ ಇದನ್ನ ಪರೀಕ್ಷೆ ಮಾಡ್ತು, ಜನರನ್ನ 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿ. ಬಿದ್ದವರು ತಾವು ಬಿದ್ದ ಅವಧಿಯನ್ನ ಬೇರೆಯವರು ಬೀಳೋದಕ್ಕಿಂತ 36% ಜಾಸ್ತಿ ಅಂದಾಜು ಮಾಡಿದ್ರು, ಆದ್ರೆ ಬೀಳುವಾಗ ವೇಗವಾಗಿ ಬದಲಾಗೋ ಅಂಕಿಗಳನ್ನ ಓದೋ ಶಕ್ತಿ ಮಾತ್ರ ಒಂಚೂರೂ ಹೆಚ್ಚಿರಲಿಲ್ಲ. ಅಂದ್ರೆ ಸಮಯ ಹಿಗ್ಗಿದ್ದು ಆಮೇಲೆ, ನೆನಪಲ್ಲಿ. "ತುಂಬಾ ಹೊತ್ತು ಅನ್ಸ್ತು" ಅಂತ ಆರೋಪಿ ಸತ್ಯವೇ ಹೇಳಿದ್ರೂ, ಹಾಗಾದ್ರೆ ಯೋಚ್ನೆ ಮಾಡೋಕೆ ಟೈಮ್ ಇತ್ತಲ್ಲ ಅಂತ ತೀರ್ಮಾನಿಸೋದು ದೊಡ್ಡ ಅನ್ಯಾಯ.

ಭಯಕ್ಕೆ ಕಾರಣ ಸರಿಯಾಗಿರಬೇಕು ಅಂದೆನಲ್ಲ, ಅಲ್ಲೂ ಮೆದುಳು ಮೋಸ ಮಾಡುತ್ತೆ. ಅಮೆರಿಕದಲ್ಲಿ ಮನಃಶಾಸ್ತ್ರಜ್ಞ ಕೀತ್ ಪೇನ್ 2001ರಲ್ಲಿ ಮಾಡಿದ ಪ್ರಯೋಗದಲ್ಲಿ ಮೊದ್ಲು ಒಂದು ಮುಖ, ತಕ್ಷಣ ಒಂದು ವಸ್ತು ತೋರಿಸಿದ್ರು. ಅವಸರದಲ್ಲಿ ಉತ್ತರಿಸಬೇಕಾದಾಗ, ಕಪ್ಪು ಜನಾಂಗದವರ ಮುಖ ನೋಡಿದ ಮೇಲೆ ಸ್ಪ್ಯಾನರ್‌ನಂಥ ಉಪಕರಣಗಳನ್ನೂ ಗನ್ ಅಂದವರು ಜಾಸ್ತಿ, ಟೈಮ್ ಕೊಟ್ಟಾಗ ಆ ತಪ್ಪು ಅಪರೂಪ. ಎಷ್ಟೋ ಕಡೆ ಕಾನೂನು ಪ್ರಾಮಾಣಿಕ ತಪ್ಪನ್ನ ಮನ್ನಿಸುತ್ತೆ, ಮನ್ನಿಸಲಿ. ಆದ್ರೆ ಎದುರಿಗಿದ್ದವನು ಏನು ಮಾಡಿದ, ಕೈಯನ್ನ ಎಲ್ಲಿಗೆ ಹಾಕಿದ, ಎಷ್ಟು ಹತ್ರ ಬಂದ ಅಂತ ಕೇಳಿದಾಗ ಅವನ ಮುಖ ನೋಡಿ ಭಯ ಆಯ್ತು ಅನ್ನೋದಷ್ಟೇ ಉತ್ತರ ಆಗಿದ್ರೆ, ಒಂದು ಜೀವ ತೆಗೆಯೋಕೆ ಅದನ್ನ ಕಾರಣ ಅಂತ ಯಾವ ಕೋರ್ಟೂ ಒಪ್ಪಬಾರದು.