ಒಂದೇ ಜೀನ್, ಎರಡು ಕಾಯಿಲೆ: ಪಿಎಂಪಿ22 ಮತ್ತು ಒತ್ತಡ ತಾಳದ ನರಗಳು

ಕಾಲ ಮೇಲೆ ಕಾಲು ಹಾಕಿ ಕುಳಿತಾಗ ಹಿಡಿಯುವ ಜೋಮು ನಾಲ್ಕು ಹೆಜ್ಜೆ ನಡೆದರೆ ಬಿಡುತ್ತದೆ. ಕೆಲವರಲ್ಲಿ ಮಾತ್ರ ಅಷ್ಟೇ ಒತ್ತಡಕ್ಕೆ ಪಾದವನ್ನು ಮೇಲೆತ್ತುವ ಶಕ್ತಿಯೇ ಹೋಗಿ, ಅದು ಮರಳಲು ವಾರಗಳೋ ತಿಂಗಳುಗಳೋ ಬೇಕಾಗುತ್ತವೆ. ಈ ಆನುವಂಶಿಕ ಸ್ಥಿತಿಯ ಹೆಸರು ಎಚ್‌ಎನ್‌ಪಿಪಿ. 17ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, ಪಿಎಂಪಿ22 ಜೀನ್ ಇರುವ ಸುಮಾರು 15 ಲಕ್ಷ ಬೇಸ್ ಜೋಡಿಗಳ (ಡಿಎನ್‌ಎಯ ಅಕ್ಷರ ಜೋಡಿಗಳ) ಖಂಡವೊಂದು ಅಳಿದುಹೋಗಿರುವುದೇ ಇದರ ಸಾಮಾನ್ಯ ಕಾರಣವೆಂದು 1993ರಲ್ಲಿ ತಿಳಿಯಿತು. ಅದೇ ಖಂಡ ಇಮ್ಮಡಿಯಾದರೆ ಸಿಎಂಟಿ1ಎ ಎಂಬ, ಕೈಕಾಲುಗಳು ನಿಧಾನವಾಗಿ ಬಲಗುಂದುವ ಬೇರೆಯೇ ನರರೋಗ ಬರುತ್ತದೆಂದು 1991ರಲ್ಲೇ ಗೊತ್ತಾಗಿತ್ತು.

ಒಂದೇ ಖಂಡ ಒಮ್ಮೆ ಅಳಿಯುವುದು, ಒಮ್ಮೆ ಇಮ್ಮಡಿಯಾಗುವುದು ಹೇಗೆಂಬಲ್ಲಿ ನಾನು ಎರಡು ದಿನ ಸಿಕ್ಕಿಬಿದ್ದಿದ್ದೆ. ಕೊನೆಗೆ ಕಾಗದದ ಮೇಲೆ ಎರಡು ಸಾಲಿನಲ್ಲಿ ‘ಅ–ಖಂಡ–ಆ’ ಎಂದು ಬರೆದುಕೊಂಡೆ. ಎರಡು ಸಾಲೆಂದರೆ ಒಬ್ಬರಲ್ಲಿರುವ 17ನೇ ವರ್ಣತಂತುವಿನ ಎರಡು ಪ್ರತಿಗಳು. ಅ ಮತ್ತು ಆ ಎಂಬವು ಖಂಡದ ಎರಡು ತುದಿಗಳಲ್ಲಿರುವ, ತಲಾ ಸುಮಾರು 24,000 ಬೇಸ್ ಜೋಡಿಗಳ, ಬಹುತೇಕ ಒಂದೇ ರೀತಿಯ ಸರಣಿಗಳು. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಮೇಲಿನ ಸಾಲಿನ ಆ, ಕೆಳಗಿನ ಸಾಲಿನ ಅ ಜೊತೆ ತಪ್ಪಾಗಿ ಜೋಡಿಯಾಗಿ, ಅಲ್ಲೇ ವಿನಿಮಯ ನಡೆಯಿತೆನ್ನಿ. ಮೇಲಿನ ಸಾಲನ್ನು ಎಡದಿಂದ ಬೆರಳಿಟ್ಟು ಓದುತ್ತ, ಜೋಡಿಯಾದಲ್ಲಿ ಕೆಳಕ್ಕಿಳಿದರೆ ಖಂಡ ಎರಡು ಬಾರಿ ಸಿಗುತ್ತದೆ. ಕೆಳಗಿನಿಂದ ಹೊರಟು ಮೇಲಕ್ಕೇರಿದರೆ ಒಮ್ಮೆಯೂ ಸಿಗುವುದಿಲ್ಲ. ಇನ್ನೊಬ್ಬ ಪೋಷಕರಿಂದ ಎಂದಿನಂತೆ ಒಂದು ಪ್ರತಿ ಬರುವುದರಿಂದ ಮಗುವಿನಲ್ಲಿ ಒಟ್ಟು ಮೂರು ಅಥವಾ ಒಂದು ಪ್ರತಿ ಇರುತ್ತದೆ. ಇಮ್ಮಡಿ ಎಂಬ ಪದ ಕೇಳಿ ನಾಲ್ಕೆಂದು ಎಣಿಸಿದ್ದು ನನ್ನ ಇನ್ನೊಂದು ತಪ್ಪು.

ಶ್ವಾನ್ ಕೋಶಗಳು ನರತಂತುವಿಗೆ ಪದರಪದರವಾಗಿ ಸುತ್ತುವ ಮಯಲಿನ್ ಹೊದಿಕೆಗೆ ಪಿಎಂಪಿ22 ಪ್ರೋಟೀನ್ ಬೇಕು. ಅದು ಅರ್ಧಕ್ಕಿಳಿದಾಗ ಮಯಲಿನ್ ಅಲ್ಲಲ್ಲಿ ಅತಿಯಾಗಿ ಮಡಚಿ ದಪ್ಪಗಾಗುತ್ತದೆ. ಈ ಉಬ್ಬುಗಳಿಗೆ ಟೊಮಾಕ್ಯುಲಾ ಎಂದು ಹೆಸರು. ಒಂದೇ ಪ್ರತಿಯುಳ್ಳ ಇಲಿಗಳ ನರವನ್ನು ಒತ್ತಿದಾಗ ಸಂಕೇತ ಬೇಗ ನಿಂತುಹೋಗುವುದನ್ನೂ ನೋಡಲಾಗಿದೆ. ಮನುಷ್ಯರಲ್ಲಿ ಪೆಟ್ಟು ಬೀಳುವುದು ನರ ಮೂಳೆಗೆ ಒತ್ತಿಕೊಂಡಿರುವ ಅಥವಾ ಇಕ್ಕಟ್ಟಿನಲ್ಲಿ ಸಾಗುವ ಕಡೆಗಳಲ್ಲೇ: ಮಂಡಿಯ ಹೊರಬದಿ, ಮೊಣಕೈ, ಮಣಿಕಟ್ಟು, ಮೇಲ್ತೋಳು. ಅಳಿವು ಇದ್ದೂ ಯಾವ ಲಕ್ಷಣವೂ ಕಾಣದವರಿದ್ದಾರೆ.

ಒತ್ತಡದಂತೆಯೇ ಔಷಧವೂ ನರಕ್ಕೆ ಪೆಟ್ಟಾಗಬಹುದು: ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟೀನ್ ಸಿಎಂಟಿ1ಎ ಇರುವವರಲ್ಲಿ ತೀವ್ರ ನರದೌರ್ಬಲ್ಯ ತರಬಲ್ಲದು, ಅಲ್ಲಿಯವರೆಗೆ ತಮಗೆ ಈ ಕಾಯಿಲೆ ಇರುವುದೇ ಗೊತ್ತಿಲ್ಲದ ರೋಗಿಗಳಲ್ಲಿ ಅದು ಹಾಗೆ ಬಯಲಾದದ್ದುಂಟು.